ಹಿಂದಿರುಗಿ ಬರುವ ರಾಕೆಟ್ಟಿನ ಪರೀಕ್ಷೆ

ಮುಂಬಯಿ ಮತ್ತು ಸುತ್ತಲಿನ ಕನ್ನಡ ಕೇಳುಗರಿಗೆ ನಮಸ್ಕಾರ.

2025ರ ನವೆಂಬರ್ 13ರಂದು ಅಮೆರಿಕದ ಬ್ಲೂ ಒರಿಜಿನ್ ಸಂಸ್ಥೆಯ ನ್ಯೂ ಗ್ಲೆನ್ ರಾಕೆಟ್ ಮಂಗಳ ಗ್ರಹಕ್ಕೆ ಹೋಗುವ ಎರಡು ಪುಟ್ಟ ನೌಕೆಗಳನ್ನು ಹೊತ್ತು ಮೇಲೇರಿತು. ಅದರ ಮೊದಲ ಹಂತ, ಅಂದರೆ ಮೊದಲು ಉರಿದು ಕಳಚಿಕೊಳ್ಳುವ ಕೆಳಭಾಗ, ಅಟ್ಲಾಂಟಿಕ್ ಸಾಗರದಲ್ಲಿ ಕಾದಿದ್ದ ಹಡಗಿನ ಮೇಲೆ ನೆಟ್ಟಗೆ ಬಂದು ಇಳಿಯಿತು. ಎಂಟು ದಿನಗಳ ಬಳಿಕ ಟೆಕ್ಸಾಸಿನಲ್ಲಿ ಸ್ಪೇಸ್‌ಎಕ್ಸ್ ಸಂಸ್ಥೆಯ ಸ್ಟಾರ್‌ಶಿಪ್ ಎಂಬ ದೈತ್ಯ ರಾಕೆಟ್ಟಿಗಾಗಿ ಕಟ್ಟಿದ ಹೊಸ ಬೂಸ್ಟರ್ ಒಂದು, ಅಂದರೆ ಅದರ ಮೊದಲ ಹಂತ, ಇನ್ನೂ ಎಂಜಿನ್ ಕೂರಿಸದ, ಇಂಧನ ತುಂಬದ ಸ್ಥಿತಿಯಲ್ಲೇ, ಅನಿಲ ಒತ್ತಡದ ಪರೀಕ್ಷೆಯ ವೇಳೆ ಒಡೆದುಹೋಯಿತು. ಡಿಸೆಂಬರ್ 3ರಂದು ಚೀನಾದ ಝೂಚುಯೆ-3 ರಾಕೆಟ್ ಕಕ್ಷೆಯನ್ನು ಮುಟ್ಟಿತಾದರೂ, ಅದರ ಮೊದಲ ಹಂತ ಇಳಿಯುವ ಕೊನೆಯ ಗಳಿಗೆಯಲ್ಲಿ ಹೊತ್ತಿಕೊಂಡು ನೆಲಕ್ಕೆ ಅಪ್ಪಳಿಸಿತು. ಪತ್ರಿಕೆಗಳು ಇವನ್ನು ಒಂದು ಗೆಲುವು, ಎರಡು ಸೋಲು ಎಂದು ಬರೆದು ಮುಗಿಸಿದವು. ಒತ್ತಡದ ಪಾತ್ರೆಗಳ ತಪಾಸಣೆಯಲ್ಲಿಯೇ ಉದ್ಯೋಗದ ಬಹುಭಾಗ ಕಳೆದ ನನಗೆ ಈ ಲೆಕ್ಕ ಅಷ್ಟು ಸರಿಯೆನಿಸುವುದಿಲ್ಲ. ಮರುಬಳಕೆಯ ರಾಕೆಟ್ಟನ್ನು ಪರೀಕ್ಷಿಸುವುದು ಏಕೆ ಇಷ್ಟು ಕಷ್ಟ, ಆ ಕಷ್ಟ ನಿಜವಾಗಿ ಎಲ್ಲಿದೆ ಎಂಬುದನ್ನು ಇಂದು ವಿವರಿಸಲು ಪ್ರಯತ್ನಿಸುತ್ತೇನೆ.

ಒಮ್ಮೆ ಮಾತ್ರ ಹಾರುವ ರಾಕೆಟ್ಟಿನ ಪರೀಕ್ಷೆ ನಮ್ಮ ನೆರೆಹೊರೆಯ ಉದ್ಯಮಕ್ಕೆ ಹೊಸದಲ್ಲ. ಇಸ್ರೋದ ವಿಕಾಸ್ ಎಂಜಿನ್ನುಗಳು ಇಲ್ಲೇ ವಿಕ್ರೋಲಿಯ ಗೋದ್ರೆಜ್ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಪಿಎಸ್‌ಎಲ್‌ವಿಯ ಮೊದಲ ಹಂತದ ಭಾರೀ ಉಕ್ಕಿನ ಕವಚಗಳು ಪುಣೆ ಜಿಲ್ಲೆಯ ವಾಲ್‌ಚಂದ್‌ನಗರದಲ್ಲಿ ರೂಪುಗೊಳ್ಳುತ್ತವೆ. ಇಂಥ ಭಾಗಗಳ ಬೆಸುಗೆಯನ್ನು ಎಕ್ಸ್‌ರೇ ಮತ್ತು ಅಲ್ಟ್ರಾಸೋನಿಕ್ ವಿಧಾನಗಳಿಂದ ನೋಡಿ, ಹಾರಾಟದಲ್ಲಿ ಬರುವುದಕ್ಕಿಂತ ತುಸು ಹೆಚ್ಚಿನ ಒತ್ತಡ ಕೊಟ್ಟು, ತಾಳಿಕೊಂಡಿತೆಂದರೆ ಒಪ್ಪಿಗೆಯ ಮುದ್ರೆ ಒತ್ತುತ್ತಾರೆ. ಅದು ಕೆಲವು ನಿಮಿಷ ದುಡಿದು ಸಮುದ್ರ ಸೇರುತ್ತದೆ. ಹಾರಿದ ಮೇಲೆ ಅದರ ಒಳಗೆ ಎಲ್ಲಿ ಬಿರುಕು ಮೂಡಿತು, ಎಷ್ಟು ಸವೆಯಿತು ಎಂಬ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿಲ್ಲ.

ಹಿಂದಿರುಗುವ ರಾಕೆಟ್ಟಿಗೆ ಆ ಅನುಕೂಲವಿಲ್ಲ. ಮೊದಲನೆಯದಾಗಿ, ಅದು ಎದುರಿಸುವ ಪರಿಸ್ಥಿತಿಯನ್ನು ನೆಲದ ಮೇಲೆ ಪೂರ್ತಿಯಾಗಿ ಸೃಷ್ಟಿಸಲಾಗದು. ಶಬ್ದಕ್ಕಿಂತ ಹಲವು ಪಟ್ಟು ವೇಗದಲ್ಲಿ ಬಾಲ ಮುಂದಾಗಿ ಬೀಳುತ್ತಿರುವಾಗ, ನುಗ್ಗಿಬರುವ ಗಾಳಿಗೆ ಎದುರಾಗಿಯೇ ಎಂಜಿನ್ ಹೊತ್ತಿಕೊಳ್ಳಬೇಕು. ಆ ಹೊತ್ತಿಗೆ ಬಹುಪಾಲು ಬರಿದಾದ ಟ್ಯಾಂಕಿನ ತಳದಲ್ಲಿ ಉಳಿದ ಇಂಧನ ತುಳುಕದೆ ಕೊಳವೆಯ ಬಾಯಿಗೆ ಬಂದು ನಿಂತಿರಬೇಕು. ಸ್ಪೇಸ್‌ಎಕ್ಸ್ ಸಂಸ್ಥೆಯ ಫಾಲ್ಕನ್-9 ರಾಕೆಟ್ಟಿನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ: ಅದರ ಒಂಬತ್ತು ಎಂಜಿನ್ನುಗಳಲ್ಲಿ ಒಂದನ್ನೇ ಉರಿಸಿ, ಅದನ್ನೂ ಆದಷ್ಟು ತಗ್ಗಿಸಿದರೂ, ಬರಿದಾದ ಹಂತದ ತೂಕಕ್ಕಿಂತ ಅದರ ನೂಕುಬಲವೇ ಹೆಚ್ಚು. ಆದ್ದರಿಂದ ಅದು ಗಾಳಿಯಲ್ಲಿ ನಿಂತು ಜಾಗ ನೋಡಿಕೊಂಡು ಇಳಿಯುವಂತಿಲ್ಲ; ವೇಗ ಸೊನ್ನೆಯಾಗುವ ಕ್ಷಣ ಮತ್ತು ಕಾಲು ಊರುವ ಕ್ಷಣ ಒಂದೇ ಆಗಬೇಕು, ಮೊದಲೇ ಆದರೆ ರಾಕೆಟ್ ಮತ್ತೆ ಮೇಲೇಳುತ್ತದೆ.

ಈ ಎಲ್ಲ ದೊಡ್ಡ ಪ್ರಶ್ನೆಗಳನ್ನು ಗಣಿತ ಬಿಡಿಸಿಕೊಟ್ಟರೂ ರಾಕೆಟ್ಟನ್ನು ಕೆಡವುವುದು ಹೆಚ್ಚಾಗಿ ಸಣ್ಣ ಬಿಡಿಭಾಗ. 1996ರಲ್ಲಿ ಡಿಸಿ-ಎಕ್ಸ್‌ಎ ಎಂಬ ಪ್ರಾಯೋಗಿಕ ರಾಕೆಟ್ ಸುರಕ್ಷಿತವಾಗಿ ಕೆಳಗಿಳಿದರೂ, ಒಂದು ಕಾಲಿಗೆ ಹೋಗಬೇಕಿದ್ದ ನಳಿಕೆಯನ್ನು ಮರುಜೋಡಿಸದೆ ಬಿಟ್ಟಿದ್ದರಿಂದ ಆ ಕಾಲು ಬಿಚ್ಚಿಕೊಳ್ಳದೆ ಉರುಳಿ ಸುಟ್ಟುಹೋಯಿತು. 2015ರ ಜನವರಿಯಲ್ಲಿ ಫಾಲ್ಕನ್-9 ಹಡಗಿನ ತನಕ ಬಂದು, ದಿಕ್ಕು ತಿದ್ದುವ ರೆಕ್ಕೆಗಳನ್ನು ತಿರುಗಿಸುವ ಹೈಡ್ರಾಲಿಕ್ ದ್ರವ ಮುಗಿದು ಒಡೆಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಎಂಜಿನ್ನಿನ ಒಂದು ವಾಲ್ವ್ ತಡವಾಗಿ ಸರಿದದ್ದರಿಂದ ಉರುಳಿತು. 2016ರ ಜನವರಿಯಲ್ಲಿ ಒಂದು ಕಾಲಿನ ಚಿಲಕ ಬೀಳಲಿಲ್ಲ, ಮಂಜಿನಿಂದ ಕಟ್ಟಿದ ಹಿಮ ಅದಕ್ಕೆ ಕಾರಣವಿರಬಹುದೆಂದು ಹೇಳಲಾಯಿತು. 2015ರ ಡಿಸೆಂಬರ್‌ನಲ್ಲಿ ನೆಲದ ಮೇಲೆ, 2016ರ ಏಪ್ರಿಲ್‌ನಲ್ಲಿ ಹಡಗಿನ ಮೇಲೆ ಅದು ಇಳಿದದ್ದು ಇಂಥ ವೈಫಲ್ಯಗಳನ್ನು ದಾಟಿ ಬಂದ ಮೇಲೆ.

ಇಲ್ಲಿ ಗಮನಿಸಬೇಕಾದ ಜಾಣತನವೊಂದಿದೆ. ಆ ಇಳಿಯುವ ಪ್ರಯೋಗಗಳು ನಡೆದದ್ದು ಗ್ರಾಹಕರು ಹಣ ಕೊಟ್ಟ ಉಡಾವಣೆಗಳಲ್ಲಿ. ಉಪಗ್ರಹ ತನ್ನ ದಾರಿ ಹಿಡಿದ ಮೇಲೆ ಮೊದಲ ಹಂತ ಹೇಗೂ ಸಮುದ್ರ ಸೇರಬೇಕಾದ ವಸ್ತು; ಅದರ ಮೇಲೆ ಪ್ರಯೋಗ ನಡೆಸಿ ಸೋತರೂ ಗ್ರಾಹಕನ ಕೆಲಸ ಕೆಡುವುದಿಲ್ಲ. ಸ್ಟಾರ್‌ಶಿಪ್‌ಗೆ ಈ ಆಸರೆ ಸಿಕ್ಕಿಲ್ಲ. ಅದರ ಪ್ರತಿ ಹಾರಾಟದ ಖರ್ಚನ್ನೂ ಪರೀಕ್ಷೆಯ ಹೆಸರಿನಲ್ಲೇ ಬರೆಯಬೇಕಾಗಿದೆ.

ನಮ್ಮ ಇಸ್ರೋ ಹಿಡಿದದ್ದು ಬೇರೆ ಹಾದಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ವಲಯದಲ್ಲಿ ಪುಷ್ಪಕ್ ಎಂಬ ರೆಕ್ಕೆಯ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದು ತಾನಾಗಿಯೇ ರನ್‌ವೇ ಹುಡುಕಿಕೊಂಡು ಇಳಿಯಿತು. 2023ರ ಏಪ್ರಿಲ್‌ನ ಮೊದಲ ಪ್ರಯೋಗದಲ್ಲಿ ಅದನ್ನು ರನ್‌ವೇಯ ನೇರ ಸಾಲಿನಲ್ಲಿ ಬಿಟ್ಟರು. 2024ರ ಮಾರ್ಚ್‌ನಲ್ಲಿ ಬೇಕೆಂದೇ 150 ಮೀಟರ್ ಪಕ್ಕಕ್ಕೆ, ಜೂನ್‌ನಲ್ಲಿ 500 ಮೀಟರ್ ಪಕ್ಕಕ್ಕೆ, ಇನ್ನೂ ಬಿರುಸಾದ ಗಾಳಿಯಲ್ಲಿ. ಆಗ ಅದು ನೆಲ ಮುಟ್ಟಿದ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ಪ್ರಯಾಣಿಕ ವಿಮಾನಗಳು ಸುಮಾರು 260ರಲ್ಲಿ ಇಳಿಯುತ್ತವೆ. ಮಾರ್ಚ್‌ನಲ್ಲಿ ಇಳಿದ ಅದೇ ಒಡಲನ್ನು ಬದಲಾವಣೆಯಿಲ್ಲದೆ ಜೂನ್‌ನಲ್ಲಿ ಬಳಸಿದರು ಎಂಬುದು ನನಗೆ ಇಳಿಯುವಿಕೆಗಿಂತ ಹೆಚ್ಚು ಮುಖ್ಯವಾಗಿ ಕಂಡಿತು. ಕಷ್ಟವನ್ನು ಹೀಗೆ ತುಂಡು ಮಾಡಿ ಒಂದೊಂದಾಗಿ ಎದುರಿಸುವ ಕ್ರಮದಲ್ಲಿ ನಷ್ಟ ಕಡಿಮೆ. ಆದರೆ ಕಕ್ಷೆಯಿಂದ ಮರಳುವಾಗಿನ ಬೆಂಕಿಯಂಥ ಕಾವನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಿಳಿಯಲಾಗದು, ಆ ಪರೀಕ್ಷೆ ಇನ್ನೂ ಬಾಕಿಯಿದೆ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬರುತ್ತೇನೆ. ರಾಕೆಟ್ ಇಳಿದ ದೃಶ್ಯವನ್ನು ಎಲ್ಲರೂ ನೋಡುತ್ತಾರೆ, ಕಠಿಣವಾದ ಪರೀಕ್ಷೆ ಶುರುವಾಗುವುದು ಅದರ ಮರುದಿನ. ಮರಳಿ ಬಂದ ಯಂತ್ರದಲ್ಲಿ ಯಾವುದನ್ನು ಬಿಚ್ಚಿ ನೋಡಬೇಕು, ಯಾವುದನ್ನು ನೋಡದೆ ನಂಬಬೇಕು? ಕುರ್ಲಾ ಕಾರ್‌ಶೆಡ್ಡಿಗೆ ಬರುವ ಲೋಕಲ್ ರೈಲಿನ ಯಾವ ಭಾಗ ಎಷ್ಟು ದಿನಕ್ಕೆ ಸವೆಯುತ್ತದೆಂದು ಅಲ್ಲಿನವರಿಗೆ ದಶಕಗಳ ಅನುಭವದಿಂದ ಗೊತ್ತು. ರಾಕೆಟ್ಟಿಗೆ ಅಂಥ ದಾಖಲೆ ಈಗಷ್ಟೇ ಬರೆಯಲ್ಪಡುತ್ತಿದೆ. 1981ರಿಂದ 2011ರವರೆಗೆ 135 ಬಾರಿ ಹಾರಿದ ಅಮೆರಿಕದ ಸ್ಪೇಸ್ ಶಟಲ್ ಹೆಸರಿಗೆ ಮರುಬಳಕೆಯದೇ ಆಗಿದ್ದರೂ, ಸಾವಿರಾರು ಶಾಖರಕ್ಷಕ ಬಿಲ್ಲೆಗಳ ತಪಾಸಣೆ ಮತ್ತು ಎಂಜಿನ್ನುಗಳನ್ನು ಹೊರತೆಗೆದು ನೋಡುವ ಕೆಲಸದಲ್ಲಿ ತಿಂಗಳುಗಳು ಉರುಳಿ, ಉಳಿತಾಯದ ಆಸೆ ಈಡೇರಲಿಲ್ಲ. ಫಾಲ್ಕನ್-9ರ ಒಂದು ಬೂಸ್ಟರ್ ಈಗ 30ಕ್ಕೂ ಹೆಚ್ಚು ಬಾರಿ ಹಾರಿದೆ. ಅದರ ಹಿಂದಿರುವುದು ಪ್ರತಿ ಸಲವೂ ಬಿಚ್ಚಿ ನೋಡಿ, ಬಿಚ್ಚಬೇಕಾದ ಪಟ್ಟಿಯನ್ನು ಸ್ವಲ್ಪಸ್ವಲ್ಪವೇ ಕಿರಿದುಗೊಳಿಸಿದ ತಾಳ್ಮೆ. ಹಾಗಿದ್ದೂ 2024ರ ಆಗಸ್ಟ್‌ನಲ್ಲಿ 23ನೇ ಹಾರಾಟದ ಬೂಸ್ಟರ್ ಒಂದು ಹಡಗಿನ ಮೇಲೆ ಉರುಳಿಬಿತ್ತು.

ನೋಡಿಯೂ ಕಾಣದ ದೋಷದ ಮಾತು ಬೇರೆ. 2025ರ ಜೂನ್ 18ರಂದು ಸ್ಟಾರ್‌ಶಿಪ್‌ನ ಮೇಲಿನ ಹಂತ ಪರೀಕ್ಷಾ ಕಟ್ಟೆಯ ಮೇಲೆಯೇ ಸಿಡಿದು ಕಟ್ಟೆಯನ್ನೂ ಹಾಳುಮಾಡಿತು. ಇಂಗಾಲದ ನಾರು ಸುತ್ತಿದ ಒಂದು ಅನಿಲದ ಸಿಲಿಂಡರಿಗೆ ಮೊದಲೇ ಆಗಿದ್ದ, ತಪಾಸಣೆಯಲ್ಲಿ ಸಿಕ್ಕದ ಹಾನಿಯೇ ಅದಕ್ಕೆ ಬಹುಶಃ ಕಾರಣವೆಂದು ಸಂಸ್ಥೆ ತಿಳಿಸಿತು. ಉಕ್ಕಿನ ಪಾತ್ರೆ ಪೆಟ್ಟು ತಿಂದರೆ ತಗ್ಗು ಬೀಳುತ್ತದೆ, ಕೈಯಾಡಿಸಿದರೆ ಗೊತ್ತಾಗುತ್ತದೆ. ನಾರಿನ ಪಾತ್ರೆ ಹೊರಗೆ ನುಣುಪಾಗಿಯೇ ಉಳಿದು ಒಳಪದರಗಳಲ್ಲಿ ಬಿಟ್ಟುಕೊಂಡಿರಬಹುದು. ಕೆಲಸಗಾರನೊಬ್ಬನ ಕೈಯಿಂದ ಜಾರಿದ ಸ್ಪ್ಯಾನರ್ ಸಾಕು. ಆ ಬಳಿಕ ಸಿಲಿಂಡರುಗಳ ಒತ್ತಡ ತಗ್ಗಿಸಿ, ಅವುಗಳಿಗೆ ಹೊದಿಕೆ ಹಾಕಿ, ಒಳಹಾನಿಯನ್ನು ಪತ್ತೆಹಚ್ಚುವ ಹೊಸ ವಿಧಾನವನ್ನು ಸೇರಿಸಿದರು. ಈ ಕೆಲಸ ಸುದ್ದಿಯಾಗಲಿಲ್ಲ, ಬೆಂಕಿಯ ಚಿತ್ರ ಮಾತ್ರ ಲೋಕವೆಲ್ಲ ಸುತ್ತಿತು.

ಭಾರತದ ಮುಂದಿನ ತಲೆಮಾರಿನ ಉಡಾವಣಾ ವಾಹನಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 8,240 ಕೋಟಿ ರೂಪಾಯಿ, ಎಂಟು ವರ್ಷ, ಮರುಬಳಕೆಯ ಮೊದಲ ಹಂತ, ಭೂಮಿಯ ಸಮೀಪದ ಕಕ್ಷೆಗೆ 30 ಟನ್ ಒಯ್ಯುವ ಶಕ್ತಿ, ಮೂರು ಅಭಿವೃದ್ಧಿ ಹಾರಾಟಗಳು ಎಂಬುದು ಅದರ ರೂಪರೇಷೆ. ಇಳಿಯುವುದನ್ನು ಕಲಿಯಲು ಮೂರು ಹಾರಾಟ ಸಾಲವು ಎಂಬುದು ನನ್ನ ಅಭಿಪ್ರಾಯ. ಚಳ್ಳಕೆರೆಯ ರೀತಿಯಲ್ಲಿ ಸಣ್ಣ ಪ್ರತಿರೂಪಗಳನ್ನು ಮೊದಲು ನೂರಾರು ಮೀಟರಿನಷ್ಟೇ ಎತ್ತರಕ್ಕೆ ಹಾರಿಸಿ ಇಳಿಸುವುದು ಒಂದು ದಾರಿ. ಜಪಾನಿನ ಹೋಂಡಾ ಸಂಸ್ಥೆ 2025ರ ಜೂನ್‌ನಲ್ಲಿ 271 ಮೀಟರ್ ಎತ್ತರಕ್ಕೇರಿ, ಗುರಿಯಿಂದ 37 ಸೆಂಟಿಮೀಟರ್ ಅಂತರದಲ್ಲಿ ಇಳಿದದ್ದು ಇಂಥ ಪ್ರಯೋಗವೇ. ಮೂರು ಹಾರಾಟ ಮುಗಿದ ಮೇಲೆ, ಉಪಗ್ರಹ ಹೊತ್ತ ನಿತ್ಯದ ಉಡಾವಣೆಗಳಲ್ಲಿಯೂ ಇಳಿಯುವ ಪ್ರಯೋಗ ಮುಂದುವರಿಸಲು ಅನುಮತಿ ಇರಬೇಕು, ಸಮುದ್ರಕ್ಕೆ ಬಿದ್ದ ಪ್ರತಿ ಮೊದಲ ಹಂತವನ್ನೂ ವೈಫಲ್ಯದ ಪಟ್ಟಿಗೆ ಸೇರಿಸದ ಲೆಕ್ಕಪದ್ಧತಿಯೂ ಬೇಕು. ಇಳಿದು ಬಂದ ಮೊದಲನೆಯದನ್ನಂತೂ ಮತ್ತೆ ಹಾರಿಸುವ ಆತುರಪಡದೆ, ಪೂರ್ತಿಯಾಗಿ ಬಿಚ್ಚಿ, ಒಂದೊಂದು ಬೆಸುಗೆಯನ್ನೂ ಕತ್ತರಿಸಿ ನೋಡುವುದು ಒಳಿತು.

ನಮಸ್ಕಾರ.