ಮಳೆಗೆ ಕಾಯುವ ಮುಷ್ಟಿ

ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಣಕಡ್ಡಿಗಳ ಉಂಡೆ, ನನ್ನ ಅಂಗೈಯಲ್ಲೇ ಕೂರುತ್ತದೆ. ದುಬೈನ ದೇರಾದಲ್ಲಿರುವ ಮಸಾಲೆ ಮಾರುಕಟ್ಟೆಯಿಂದ ನಿನ್ನೆ ತಂದದ್ದು. ಅರಬ್ಬಿಯಲ್ಲಿ ಇದಕ್ಕೆ 'ಕಫ್ ಮರ್ಯಮ್' ಅನ್ನುತ್ತಾರೆ. ಮರ್ಯಮರ, ಅಂದರೆ ಯೇಸುವಿನ ತಾಯಿಯ, ಅಂಗೈ ಅಂತ.

ಬೆಳಗ್ಗೆ ಎಂಟು ಗಂಟೆಗೆ ಬಟ್ಟಲಿನ ನೀರಲ್ಲಿ ಇಟ್ಟೆ. ಕಾಫಿ ಮುಗಿಯುವಷ್ಟರಲ್ಲಿ ಹೊರಗಿನ ಒಂದು ಕಡ್ಡಿ ಸಡಿಲವಾಗಿತ್ತು. ಊಟದ ಹೊತ್ತಿಗೆ ನೋಡಿ, ಮುಷ್ಟಿ ಪೂರ್ತಿ ಬಿಚ್ಚಿಕೊಂಡಿದೆ.

ನಮ್ಮ ಒಗ್ಗರಣೆಯ ಸಾಸಿವೆ ಇದೆಯಲ್ವಾ, ಅದೇ ಬಳಗದ ಗಿಡ ಇದು. ಬದುಕಿದ್ದಾಗ ಬಿಡುವುದು ನಾಲ್ಕೇ ಎಸಳಿನ ಪುಟ್ಟ ಬಿಳಿ ಹೂವು. ಅನಾಸ್ಟಾಟಿಕಾ ಎಂಬ ಕುಲದಲ್ಲಿ ಇರುವುದು ಇದೊಂದೇ ಜಾತಿ, ಒಡಹುಟ್ಟಿದವರು ಯಾರೂ ಇಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟಾಗ ಗ್ರೀಕಿನ ಅನಾಸ್ಟಾಸಿಸ್ ಎಂಬ ಪದ ಹಿಡಿದ. ಸತ್ತು ಮತ್ತೆ ಏಳುವುದು ಅಂತ ಅರ್ಥ.

ಆದರೆ ಈ ಗಿಡ ಏಳುವುದಿಲ್ಲ. ಸತ್ತೇ ಇದೆ. ನನಗೆ ಮೈ ಜುಮ್ಮೆನ್ನುವುದು ಅಲ್ಲೇ. ಮರುಭೂಮಿಯಲ್ಲಿ ಒಂದು ಮಳೆಗೆ ಹುಟ್ಟಿ, ಹೂ ಬಿಟ್ಟು, ಕಾಯಿ ಕಟ್ಟಿ ಒಣಗುತ್ತದೆ. ಒಣಗುವಾಗ ಕೊಂಬೆಗಳನ್ನು ಒಳಗೆ ಮಡಚಿ ಬೀಜಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗಾಳಿಗೆ ಉರುಳಿಕೊಂಡು ಊರೂರು ಸುತ್ತುತ್ತದೆ ಅಂತ ಕಥೆ ಹೇಳುತ್ತಾರೆ. ನಿಜಕ್ಕೂ ಜಾಸ್ತಿ ಗಿಡಗಳು ಬೇರೂರಿದ ಜಾಗದಲ್ಲೇ, ವರ್ಷಗಟ್ಟಲೆ ಹಾಗೇ ನಿಂತಿರುತ್ತವೆ. ಕೊಂಬೆಯ ಒಂದು ಮೈ ನೀರು ಕುಡಿದು ಇನ್ನೊಂದು ಮೈಗಿಂತ ಜಾಸ್ತಿ ಉಬ್ಬುತ್ತದೆ, ಅಷ್ಟಕ್ಕೇ ಮುಷ್ಟಿ ಬಿಚ್ಚುತ್ತದೆ. ಜೀವ ಬೇಕಾಗಿಲ್ಲ.

ಸುಮ್ನೆ ನೆನೆದರೆ ಬೀಜ ಉದುರುವುದಿಲ್ಲ ನೋಡಿ. ಕಾಯಿಯ ಮೇಲೆ ಚಮಚದಂಥ ಎರಡು ಕಿವಿಗಳಿವೆ. ಡ್ರಾಪರ್‌ನಿಂದ ಒಂದೊಂದೇ ಹನಿ ಬೀಳಿಸಿದೆ. ಐದಾರು ಹನಿ ಏನೂ ಆಗಲಿಲ್ಲ. ಆಮೇಲೆ ಟಪ್ ಅಂತ ಕಾಯಿ ಬಿಚ್ಚಿ, ಬೀಜ ಮೇಜಿನ ಮೇಲೆ ಬಿತ್ತು. ಒಂದೇ ಮಳೆಗೆ ಎಲ್ಲವನ್ನೂ ಬಿಡುವ ಗಿಡವಲ್ಲ ಇದು. ಇನ್ನೊಂದು ಮಳೆಗೆ ಅಂತ ಉಳಿಸಿಕೊಳ್ಳುತ್ತದೆ.

ಪಕ್ಕದ ಫ್ಲ್ಯಾಟಿನ ಮಂಗಳೂರಿನ ಅಕ್ಕ ಬಟ್ಟಲು ನೋಡಿ ಅಲ್ಲೇ ನಿಂತುಬಿಟ್ಟರು. ಅವರ ಹೆರಿಗೆ ಹೊತ್ತಿಗೆ, ಹಜ್‌ಗೆ ಹೋದವರು ತಂದ ಇಂಥದ್ದೇ ಗಿಡವನ್ನು ಅವರ ತಾಯಿ ನೀರಲ್ಲಿಟ್ಟಿದ್ದರಂತೆ. ಇದು ಬಿಚ್ಚಿದ ಹಾಗೆ ಹೆರಿಗೆ ಸಲೀಸಾಗಲಿ ಅಂತ. ಆ ನೀರನ್ನು ಕುಡಿಯುವ ರೂಢಿಯೂ ಇದೆ. ಬಸುರಿಯರು ದಯವಿಟ್ಟು ಡಾಕ್ಟರನ್ನು ಕೇಳದೆ ಕುಡಿಯಬೇಡಿ.

ರಾತ್ರಿ ನೀರು ಚೆಲ್ಲಿ ಬಟ್ಟೆಯ ಮೇಲೆ ಒಣಗಲು ಬಿಟ್ಟೆ. ಬೆಳಗಾಗುವಷ್ಟರಲ್ಲಿ ಮುಷ್ಟಿ ಮತ್ತೆ ಮುಚ್ಚಿಕೊಂಡಿತ್ತು. ಹೊರಬಿದ್ದ ಬೀಜವನ್ನು ಒದ್ದೆ ಹತ್ತಿಯ ಮೇಲೆ ಇಟ್ಟಿದ್ದೆ. ಕ್ಯಾಮೆರಾ ಹತ್ತಿರ ತರುತ್ತೇನೆ, ತಡೆಯಿರಿ. ಅಲ್ಲಿ, ಬಿಳಿ ದಾರದ ಹಾಗೆ. ಬೇರು.