ಮಾತ್ರೆ ನುಂಗಿದ್ದಾಯ್ತು, ಮುಟ್ಟು ಇನ್ನೂ ಬಂದಿಲ್ಲ

[ದೃಶ್ಯ: ಮೆಡಿಕಲ್ ಶಾಪ್ ಕೌಂಟರ್. ಪೇಪರಿನಲ್ಲಿ ಸುತ್ತಿದ ಪುಟ್ಟ ಡಬ್ಬಿ.]

ಸಂಭೋಗ ಆದ್ಮೇಲೆ ಗರ್ಭ ನಿಲ್ಲದಿರಲಿ ಅಂತ ತಗೊಳ್ಳೋ ತುರ್ತು ಮಾತ್ರೆ ಇದು. ಬಾಯಿಬಿಟ್ಟು ಕೇಳೋಕೆ ಸಂಕೋಚ. ಮೊಬೈಲಲ್ಲಿ ಹೆಸರು ತೋರಿಸಿ ತಗೊಂಡು, ಬೀದಿ ತಿರುಗೋದ್ರೊಳಗೆ ನುಂಗಿಬಿಡ್ತಾರೆ. "ಸದ್ಯ, ಇನ್ನೇನೂ ಆಗಲ್ಲ" ಅಂತ ಉಸಿರು ಬಿಡ್ತಾರೆ. ಅಲ್ಲೇ ಎಡವೋದು.

ಐ-ಪಿಲ್ ಇರಲಿ, ಅನ್‌ವಾಂಟೆಡ್-72 ಇರಲಿ, ಒಳಗಿರೋದು 1.5 ಮಿಲಿಗ್ರಾಂ ಲೆವೊನೊರ್ಜೆಸ್ಟ್ರೆಲ್ ಅನ್ನೋ ಹಾರ್ಮೋನ್. ಅಂಡಾಣು ಹೊರಬರೋದನ್ನ ಮುಂದೂಡೋದೇ ಅದರ ಮುಖ್ಯ ಕೆಲಸ. ವೀರ್ಯಾಣು ದೇಹದೊಳಗೆ 5 ದಿನದವರೆಗೂ ಬದುಕಿರುತ್ತೆ. ಅಂಡಾಣು ತಡವಾಗಿ ಬಂದ್ರೆ, ಅಷ್ಟರಲ್ಲಿ ವೀರ್ಯಾಣು ಸತ್ತಿರುತ್ತೆ.

ಅಂಡಾಣು ಆಗಲೇ ಹೊರಬಿದ್ದಿದ್ರೆ? ಮಾತ್ರೆಯಿಂದ ಏನೂ ಆಗಲ್ಲ. ಅದಕ್ಕೇ, ಸಂಭೋಗ ಆಗಿ 72 ಗಂಟೆಯೊಳಗೆ ತಗೊಂಡ್ರೆ ಸಾಕಲ್ಲ ಅಂತ ನಾಳೆಗೆ ತಳ್ಳಬೇಡಿ.

[ದೃಶ್ಯ: ಕ್ಯಾಲೆಂಡರ್. ಶನಿವಾರಕ್ಕೊಂದು ಗುರುತು, ಮಂಗಳವಾರಕ್ಕೊಂದು.]

"ಶನಿವಾರ ತಗೊಂಡಿದೀನಿ, ಮಂಗಳವಾರಕ್ಕೂ ನಡೆಯುತ್ತೆ ಅಲ್ವಾ?" ಖಂಡಿತ ಇಲ್ಲ. ಮುಂದೂಡಿದ ಅಂಡಾಣು ಆ ಮಂಗಳವಾರವೇ ಬರಬಹುದು! ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಿಡಬೇಡಿ.

ನುಂಗಿ 3 ಗಂಟೆಯೊಳಗೆ ವಾಂತಿಯಾದ್ರೆ ಇನ್ನೊಂದು ಮಾತ್ರೆ ಬೇಕು. ಟಿಬಿಗೆ ರಿಫಾಂಪಿಸಿನ್, ಫಿಟ್ಸ್‌ಗೆ ಕಾರ್ಬಮಜೆಪಿನ್ ಅಥವಾ ಫೆನಿಟೋಯಿನ್ ತಗೊಳ್ತಿದ್ರೆ ಇದರ ಬಲ ಕುಗ್ಗುತ್ತೆ. ತೂಕ 70 ಕೆಜಿ ದಾಟಿದವರಲ್ಲೂ ಕುಗ್ಗಬಹುದು. ಡಾಕ್ಟರ್‌ಗೆ ಹೇಳಿ.

ಕೌಂಟರಲ್ಲಿ ಯಾರೂ ಹೇಳದ ಮಾತೊಂದಿದೆ, ನನಗೆ ಸಂಕಟ ಆಗೋದೇ ಅದಕ್ಕೆ. ಸಂಭೋಗ ಆಗಿ 5 ದಿನದೊಳಗೆ, ಗರ್ಭಕೋಶದೊಳಗೆ ಇಡೋ ಕಾಪರ್-ಟಿ ಹಾಕಿಸಿಕೊಂಡ್ರೆ, ಅದು ಮಾತ್ರೆಗಿಂತ ಎಷ್ಟೋ ಭದ್ರ. ತೂಕದ ಲೆಕ್ಕ ಅದಕ್ಕಿಲ್ಲ. ಸರ್ಕಾರಿ ಆಸ್ಪತ್ರೇಲಿ ಉಚಿತ. ಆಮೇಲೂ ವರ್ಷಗಟ್ಟಲೆ ಕಾಯುತ್ತೆ.

[ದೃಶ್ಯ: ಬಾತ್‌ರೂಮ್ ಕಟ್ಟೆ ಮೇಲೆ ಟೆಸ್ಟ್ ಕಿಟ್.]

ಮಾತ್ರೆ ತಗೊಂಡ ಕೆಲವು ದಿನಕ್ಕೆ ಸ್ವಲ್ಪ ರಕ್ತ ಕಾಣಿಸಬಹುದು. ಅದನ್ನೇ ಮುಟ್ಟು ಅಂದ್ಕೊಂಡು ಎಷ್ಟೋ ಜನ ಸುಮ್ಮನಾಗಿಬಿಡ್ತಾರೆ. ಮುಟ್ಟು ಒಂದು ವಾರ ತಡವಾದ್ರೆ, ಇಲ್ಲಾ ಸಂಭೋಗ ಆಗಿ 3 ವಾರ ಕಳೆದ್ರೆ, ಮೂತ್ರ ಪರೀಕ್ಷೆ ಮಾಡಿ. ಹೊಟ್ಟೆಯ ಒಂದು ಬದಿ ಜೋರಾಗಿ ನೋವು, ತಲೆಸುತ್ತು ಬಂದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ. ಗರ್ಭ, ಗರ್ಭಕೋಶದ ಬದಲು ಅಂಡನಾಳದಲ್ಲಿ ಕೂತಿದ್ರೆ ಜೀವಕ್ಕೇ ಅಪಾಯ.

ಎರಡು ಗೆರೆ ಬಂತಾ? ಈ ಮಾತ್ರೆ ಮತ್ತೆ ನುಂಗಿದ್ರೆ ಗರ್ಭ ಇಳಿಯಲ್ಲ. ಅಂಗಡಿಯಿಂದ ಗರ್ಭಪಾತದ ಕಿಟ್ ತಂದು ಗುಟ್ಟಾಗಿ ತಗೊಳ್ಳಬೇಡಿ, ಡಾಕ್ಟರ್ ಹತ್ರ ಹೋಗಿ. ಗರ್ಭನಿರೋಧಕ ಕೈಕೊಟ್ಟಿದ್ದು ನಮ್ಮ ಗರ್ಭಪಾತ ಕಾನೂನು ಒಪ್ಪೋ ಕಾರಣ. 2021ರ ತಿದ್ದುಪಡಿಯಲ್ಲಿ "ವಿವಾಹಿತ ಮಹಿಳೆ" ಅನ್ನೋ ಮಾತನ್ನೇ ತೆಗೆದಿದ್ದಾರೆ. 20 ವಾರದೊಳಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು. 18 ತುಂಬಿದ್ರೆ ಗಂಡನ ಸಹಿಯೂ ಬೇಡ, ಅಪ್ಪ-ಅಮ್ಮನ ಸಹಿಯೂ ಬೇಡ. ನಿಮ್ಮದೊಂದೇ ಸಹಿ.