ಭಾಷೆಗೂ ಒಂದು ಕಟ್ಟಡ ಬೇಕು, ಬೇಕೇ ಬೇಕು

ನಮಸ್ಕಾರ. ಕಳೆದ ಸಂಚಿಕೆ ನೋಡಿದ ವೀಕ್ಷಕರೊಬ್ಬರು, ‘ಓಲೆಗರಿಯ ಹಳೆಯ ಹಸ್ತಪ್ರತಿಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಮೊಬೈಲಿಗೆ ಹಾಕಿಬಿಟ್ಟರೆ ಆಯಿತಲ್ಲ, ವಿಶ್ವವಿದ್ಯಾನಿಲಯದಲ್ಲಿ ಭಾಷೆ, ಸಾಹಿತ್ಯಕ್ಕೆಂದು ಪ್ರತ್ಯೇಕ ಕಟ್ಟಡವೇಕೆ?’ ಎಂದು ಬರೆದಿದ್ದಾರೆ. ಬೇಕು, ಮಹನೀಯರೇ. ಏಕೆಂಬುದನ್ನು, ವಿಡಿಯೊದ ವೇಗ ಹೆಚ್ಚಿಸಿಕೊಳ್ಳದೆ ಕೇಳಿ.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಆರಂಭವಾಗಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗೆ ಕಟ್ಟಿಸಿದ ಜೂಬಿಲಿ ಕಟ್ಟಡದಲ್ಲಿ ನೆಲೆನಿಂತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಅದಕ್ಕೂ ಮೊದಲು, 1905ರಲ್ಲಿ, ತಂಜಾವೂರು ಸೀಮೆಯ ಪಂಡಿತರೊಬ್ಬರು ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯ ಓಲೆಗರಿಯ ಕಟ್ಟೊಂದನ್ನು ತಂದು ಇಲ್ಲಿ ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಬಾಗಿಲೊಂದು ತೆರೆದಿತ್ತು, ಒಳಗೆ ಆ ಲಿಪಿ ಬಲ್ಲವರೊಬ್ಬರು ಕುಳಿತಿದ್ದರು. ಹೀಗಿಲ್ಲದಿದ್ದರೆ ಆ ಪಂಡಿತರು ಕಟ್ಟನ್ನು ಹೊತ್ತು ಯಾರ ಮನೆ ಹುಡುಕಬೇಕಿತ್ತು?

ಸ್ಕ್ಯಾನ್ ಮಾಡಬಾರದೆಂದು ನಾನೆಲ್ಲಿ ಹೇಳಿದೆ? ಧಾರಾಳವಾಗಿ ಮಾಡಿ. ಆದರೆ ಕ್ಯಾಮೆರಾದ ಮುಂದಿಡುವ ಮೊದಲು ಗರಿಯ ಧೂಳು ತೆಗೆದು, ನಿಂಬೆಹುಲ್ಲಿನ ಎಣ್ಣೆ ಸವರಿ, ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಅಕ್ಷರ ಕಾಣುವಂತೆ ಮಸಿ ತುಂಬಿ, ಕ್ರಮ ತಪ್ಪಿದ ಗರಿಗಳನ್ನು ಜೋಡಿಸಿ, ಲಿಪಿ ತಿಗಳಾರಿಯೋ ನಂದಿನಾಗರಿಯೋ ಎಂದು ತಿಳಿದು ಕೃತಿಯ ಹೆಸರು ಬರೆಯಬೇಕು. ಇವನ್ನೆಲ್ಲ ಮಾಡುವವರು ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಕೂರಬೇಕೆ? ಕಟ್ಟಡ ಬೇಕು!

ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯದಲ್ಲಿರುವ ಸೋಮನ ಕುಣಿತದ ಮುಖವಾಡಗಳನ್ನೂ ಯಕ್ಷಗಾನದ ವೇಷಗಳನ್ನೂ ಮೊಬೈಲಿನಲ್ಲಿ ಮಡಿಚಿಡುತ್ತೀರಾ? ಅವಕ್ಕೂ ಕಟ್ಟಡವೇ ಬೇಕು.

‘ದುಡ್ಡೆಲ್ಲಿದೆ?’ ಎನ್ನುವವರು ಇದ್ದೇ ಇದ್ದಾರೆ. ಹೊಸ ಆಡಳಿತ ಭವನಕ್ಕೆ ಗಾಜು ಹೊದಿಸುವಾಗ ಈ ಪ್ರಶ್ನೆ ಅವರಿಗೆ ಹೊಳೆಯುವುದಿಲ್ಲ. ‘ಸಾಹಿತ್ಯ ಓದಲು ಮಕ್ಕಳೇ ಬರುವುದಿಲ್ಲ’ ಎನ್ನುವವರು, ಸೋರುವ ಕೊಠಡಿಯಲ್ಲಿ ಒಂದು ಮಳೆಗಾಲದ ತರಗತಿಗಳನ್ನು ಕೇಳಿ ಬಂದು ಆಮೇಲೆ ಮಾತನಾಡಲಿ. ಅಲ್ಲಿಯವರೆಗೆ ನಾನು ಉತ್ತರಿಸುವುದಿಲ್ಲ.

ನಮ್ಮ ವಾಹಿನಿಗೆ ಚಂದಾದಾರರಾಗದೆಯೇ ಇಲ್ಲಿಯವರೆಗೆ ಜಗಳವಾಡುತ್ತ ಬಂದವರು ದಯವಿಟ್ಟು ಈಗಲಾದರೂ ಆ ಗುಂಡಿ ಒತ್ತಿ, ಗಂಟೆಯನ್ನೂ ಒತ್ತಿ. ಮುಂದಿನ ಸಂಚಿಕೆಯಲ್ಲಿ ತಿಗಳಾರಿ ಲಿಪಿಯ ಮೊದಲ ಪಾಠವಿದೆ. ಆ ವೀಕ್ಷಕರು ತಪ್ಪದೆ ಬರಬೇಕು. ಬಂದರೂ ಬರದಿದ್ದರೂ ಕಟ್ಟಡ ಬೇಕು, ಸ್ವಾಮಿ, ಬೇಕೇ ಬೇಕು.